ಓದಿದ ಮೇಲೆ ಒಂದು ಮಾತು

ಪ್ರಶ್ನೆ: ಇಷ್ಟವಾದ ಬರಹ ಓದಿದಾಗ ಬರೆದವರಿಗೆ ಏನಾದರೂ ಹೇಳಬೇಕು ಅನಿಸುತ್ತದೆ ಮೇಡಂ. ಆದರೆ ನಾನು ಬರಹಗಾರ್ತಿಯೂ ಅಲ್ಲ, ಜಾಸ್ತಿ ಓದಿಕೊಂಡವಳೂ ಅಲ್ಲ. 'ತುಂಬಾ ಚೆನ್ನಾಗಿದೆ' ಎಂದು ಬರೆಯುತ್ತೇನೆ. ಆಮೇಲೆ ಇದರಿಂದ ಯಾರಿಗೇನು ಎಂದುಕೊಂಡು ಅಳಿಸಿಬಿಡುತ್ತೇನೆ. ನನ್ನಂಥವರ ಅಭಿಪ್ರಾಯಕ್ಕೆ ಬೆಲೆ ಇದೆಯಾ?

ಉತ್ತರ: ಇದೆ. ದಯವಿಟ್ಟು ಅಳಿಸಬೇಡಿ. ಬರೆದವರು ಬಹಳ ಸಲ ನಿಮ್ಮಂಥವರನ್ನು ನೆನೆದೇ ಬರೆದಿರುತ್ತಾರೆ. ಹೇಳಿದ್ದು ತಲುಪಿತಾ ಇಲ್ಲವಾ ಎಂದು ನೀವು ಹೇಳದೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಓದುಗರ ಪತ್ರಗಳನ್ನು ಲೇಖಕರಿಗೆ ದಾಟಿಸುವ ಕೆಲಸ ನನ್ನದು. 'ಅದ್ಭುತ, ಹೀಗೇ ಬರೆಯುತ್ತಿರಿ' ಎಂಬ ಪತ್ರ ಹೋದರೆ ಅವರಿಗೆ ಖುಷಿಯಾಗುತ್ತದೆ, ಅಷ್ಟೇ. ಒಮ್ಮೆ ಒಬ್ಬ ಓದುಗರು, 'ಆ ಅಜ್ಜಿ ಮಗನಿಗೆ ಬಾಗಿಲು ಯಾಕೆ ತೆಗೆಯಲಿಲ್ಲ? ಮತ್ತೆ ಓದಿದರೂ ತಿಳಿಯಲಿಲ್ಲ' ಎಂದು ಕೇಳಿದ್ದರು. ಕತೆ ಬರೆದಾಕೆ ಕೂಡಲೇ ನನಗೆ ಫೋನ್ ಮಾಡಿದರು. ಕಾರಣ ಅವರ ತಲೆಯಲ್ಲಿತ್ತು, ಕಾಗದಕ್ಕೆ ಬಂದೇ ಇರಲಿಲ್ಲ. ಸಂಕಲನಕ್ಕೆ ಸೇರಿಸುವಾಗ ಆ ಭಾಗವನ್ನು ಹೊಸದಾಗಿ ಬರೆದರು. ಆ ಓದುಗರೂ ನಿಮ್ಮ ಹಾಗೇ, ಪಂಡಿತರೇನಲ್ಲ. ಎಲ್ಲಿ ಎಡವಿದೆ ಎಂದು ನೇರವಾಗಿ ಹೇಳಿದರು.

ಹಾಗಾಗಿ 'ಚೆನ್ನಾಗಿದೆ' ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವ ಸಾಲು ಹಿಡಿಸಿತು, ಎಲ್ಲಿ ಬೇಸರ ಬಂತು, ಏನು ನೆನಪಾಯಿತು, ಇನ್ನೊಂದು ವಾಕ್ಯ ಸೇರಿಸಿ. ಪೂರ್ತಿ ಓದಿಯೇ ಬರೆಯಿರಿ. ತಲೆಬರಹ ನೋಡಿ ಸಿಟ್ಟಾದವರ ಪತ್ರ ನನಗೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ.

ಒಳ್ಳೆಯ ಪ್ರತಿಕ್ರಿಯೆ ಎಂದಾಗ ನನಗೆ ನೆನಪಾಗುವುದು ಗಣಿತಜ್ಞ ಹಾರ್ಡಿಯ ಪತ್ರ. 1913ರ ಜನವರಿಯಲ್ಲಿ ಮದ್ರಾಸಿನ ಬಂದರು ಕಚೇರಿಯ ಗುಮಾಸ್ತ ರಾಮಾನುಜನ್ ತಮ್ಮ ಸೂತ್ರಗಳನ್ನು ಕೇಂಬ್ರಿಜ್‌ನ ಜಿ. ಎಚ್. ಹಾರ್ಡಿಗೆ ಕಳಿಸಿದರು. ಹಾರ್ಡಿ ಫೆಬ್ರುವರಿ 8ರಂದು ಉತ್ತರ ಬರೆದರು. ಬರೀ ಹೊಗಳಲಿಲ್ಲ. ಕೆಲವು ಆಗಲೇ ಗೊತ್ತಿರುವಂಥವು, ಕೆಲವು ಹೊಸವು, ಕುತೂಹಲ ಹುಟ್ಟಿಸುತ್ತವೆ ಆದರೆ ಅಷ್ಟು ಮುಖ್ಯವಲ್ಲ, ಇನ್ನು ಕೆಲವು ಹೊಸವೂ ಹೌದು ಮುಖ್ಯವೂ ಹೌದು ಎಂದು ಬೇರೆ ಬೇರೆ ಮಾಡಿ ತೋರಿಸಿದರು. ಸೂತ್ರಗಳು ಸರಿ ಎಂಬುದಕ್ಕೆ ರುಜುವಾತು ಎಲ್ಲಿ, ಕಳಿಸಿ ಎಂದು ಒತ್ತಾಯಿಸಿದರು. ನಿಮ್ಮದೆಲ್ಲ ಅಮೋಘ ಎಂದು ಒಂದೇ ಸಾಲು ಬರೆದಿದ್ದರೆ ರಾಮಾನುಜನ್‌ಗೆ ಏನು ಸಿಗುತ್ತಿತ್ತು? ನಿಮ್ಮಲ್ಲಿ ಒಬ್ಬ ಸ್ನೇಹಿತ ಸಿಕ್ಕಿದ್ದಾನೆ ಎಂದು ಅವರು ಹಾರ್ಡಿಗೆ ಮರಳಿ ಬರೆದರು. ತನ್ನ ಕೆಲಸವನ್ನು ಒಬ್ಬರು ಕೂತು ಓದಿದ್ದಾರೆ ಎಂಬ ಸಮಾಧಾನ ಅದು. ಆ ಸಮಾಧಾನ ಕೊಡಲು ಗಣಿತಜ್ಞರೇ ಆಗಬೇಕಿಲ್ಲ, ಅಲ್ವಾ?

ಒಪ್ಪಿಗೆಯಾಗದಿದ್ದರೂ ಬರೆಯಿರಿ. ಆದರೆ ಮೊದಲು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ಒಮ್ಮೆ ಹೇಳಿ ನೋಡಿ. ಎಷ್ಟೋ ಜಗಳ ಅಲ್ಲೇ ಮುಗಿದುಹೋಗುತ್ತದೆ. ಆಮೇಲೆ ಬರಹದ ಬಗ್ಗೆ ಮಾತ್ರ ಮಾತಾಡಿ. ಬರೆದವರ ಜಾತಿ, ವಯಸ್ಸು, ಮನೆತನ ಎಳೆದು ತರುವುದನ್ನು ನಾನು ಸಹಿಸುವುದಿಲ್ಲ. ಅಂಥ ಪತ್ರಗಳನ್ನು ಮುಂದಕ್ಕೆ ಕಳಿಸುವುದೂ ಇಲ್ಲ.

ಪ್ರಶ್ನೆ: ಲೇಖನದಲ್ಲಿ ತಪ್ಪು ಕಂಡರೆ ಎಲ್ಲರ ಮುಂದೆ ಹೇಳುವುದು ಸರಿಯಾ?

ಉತ್ತರ: ಕಾಗುಣಿತದ ತಪ್ಪಾದರೆ ಸುಮ್ನೆ ಬರೆದವರಿಗಷ್ಟೇ ತಿಳಿಸಿ. ಓದಿದವರಿಗೆ ತೊಂದರೆ ಮಾಡುವ ತಪ್ಪಾದರೆ, ಉದಾಹರಣೆಗೆ ಔಷಧದ ಪ್ರಮಾಣ ತಪ್ಪಿದ್ದರೆ, ಎಲ್ಲರಿಗೂ ಕಾಣುವಂತೆ ಹೇಳಿ, ತಡ ಮಾಡಬೇಡಿ. ಪುಟ, ಸಾಲು, ಸರಿಯಾದದ್ದು ಯಾವುದು, ನಿಮಗೆ ಹೇಗೆ ಗೊತ್ತು, ಇಷ್ಟು ಇದ್ದರೆ ಸಾಕು. 'ಇಷ್ಟೂ ಗೊತ್ತಿಲ್ವಾ' ಎಂಬ ಬಾಲ ಬೇಡ.

ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದಲ್ಲಿ ಮೊದಲು ತಪ್ಪು ಹುಡುಕಿದವರಿಗೆ 2.56 ಡಾಲರ್ ಚೆಕ್ ಕಳಿಸುತ್ತಿದ್ದರು. ಬಹಳ ಜನ ಅದನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿ ಇಟ್ಟುಕೊಂಡರು. ಬ್ಯಾಂಕ್ ವಂಚಕರ ಕಾಟದಿಂದ 2008ರಲ್ಲಿ ನಿಜವಾದ ಚೆಕ್ ನಿಲ್ಲಿಸಿ, ಪ್ರಮಾಣಪತ್ರ ಕೊಡತೊಡಗಿದರು. ತಪ್ಪು ತೋರಿಸಿದವರನ್ನು ಹೀಗೆ ಗೌರವಿಸುವ ಲೇಖಕರು ಇನ್ನೂ ಜಾಸ್ತಿಯಾಗಲಿ ಎಂಬುದು ನನ್ನ ಆಸೆ.

ಪ್ರಶ್ನೆ: ಪ್ರೀತಿಯಿಂದ ಬರೆದ ಅಭಿಪ್ರಾಯಕ್ಕೆ ಲೇಖಕರು ಉತ್ತರವನ್ನೇ ಕೊಡಲಿಲ್ಲ. ಮತ್ತೆ ಬರೆಯಲಾ?

ಉತ್ತರ: ಅದೇ ಬರಹಕ್ಕೆ ಬೇಡ. ಅವರ ಮುಂದಿನ ಬರಹ ಹಿಡಿಸಿದರೆ ಖಂಡಿತ ಬರೆಯಿರಿ.