ಆರೇ ದಿನಕ್ಕೆ ಕೊಂಬುಚಾ ವಿನೆಗರ್ ಆಗ್ತಿದೆ, ಕೆಳಗೆ ಕಂದು ನಾರು: ಚೆಲ್ಲಬೇಕಾ?

ಕೊಂಬುಚಾ, ಅಂದರೆ ಹುಳಿ ಬರಿಸಿದ ಸಿಹಿ ಚಹಾ, ಇಷ್ಟು ಬೇಗ ಹುಳಿಯಾಗಲು ಕಾರಣ ಬಹುಶಃ ನಮ್ಮ ಸೆಕೆಯೇ. ಹುಳಿ ಬರಲು ಹತ್ತು ದಿನ ಅನ್ನುವ ಲೆಕ್ಕ 25 ಡಿಗ್ರಿ ಆಸುಪಾಸಿನ ಊರುಗಳದ್ದು. ಏಪ್ರಿಲ್‌ನಲ್ಲಿ ಉಡುಪಿ 33 ಮುಟ್ಟುತ್ತದೆ, ಅಲ್ವಾ? ನೀವು ಹೇಳಿದ ಕಂದು ನಾರು ಯೀಸ್ಟ್ ಇರಬೇಕು, ಹೆದರಬೇಡಿ. ಆದರೆ ಮೇಲ್ಗಡೆ ಒಣಗಿದ ಹಾಗೆ, ರೋಮ ರೋಮವಾಗಿ ಹಸಿರು, ಕಪ್ಪು ಅಥವಾ ಬಿಳಿ ಬೂಷ್ಟು ಕಂಡರೆ ಸ್ಕೋಬಿ (ಹುಳಿ ಬರಿಸುವ ಲೋಳೆಯಂಥ ಬಿಲ್ಲೆ) ಸಮೇತ ಚೆಲ್ಲಿ. ಕೆರೆದು ಉಳಿಸುವ ಸಾಹಸ ಬೇಡ.

ಬೂಷ್ಟು ಇಲ್ಲದಿದ್ದರೆ ಮುಂದಿನ ಸಲಕ್ಕೆ ಜಾಡಿಯ ಮೇಲ್ಭಾಗದಿಂದ ಅರ್ಧ ಲೋಟ ಹುಳಿ ತೆಗೆದಿಡಿ. ಅಡಿಯಲ್ಲಿ ಯೀಸ್ಟ್ ಜಾಸ್ತಿ. ಸ್ಕೋಬಿಗೆ ಅಂಟಿದ ನಾರು ಎಳೆದುಬಿಡಿ. ಒಂದು ಲೀಟರ್ ನೀರಿಗೆ ಎರಡು ಚಮಚ ಚಹಾಪುಡಿ, 70 ಗ್ರಾಂ ಸಕ್ಕರೆ ಹಾಕಿ ಕುದಿಸಿ ಸೋಸಿ. ಪೂರ್ತಿ ತಣಿದ ಮೇಲೆಯೇ ಸ್ಕೋಬಿ, ತೆಗೆದಿಟ್ಟ ಹುಳಿ ಸೇರಿಸಿ. ಒಲೆಯಿಂದ ದೂರ, ನೀರು ತುಂಬಿದ ಬೋಗುಣಿಯೊಳಗೆ ಜಾಡಿ ಇಡಿ, ಸ್ವಲ್ಪ ತಂಪಿರುತ್ತದೆ. ತೆಳು ಜಾಲರಿ ಬಟ್ಟೆಯಲ್ಲಿ ನೊರಜು ನುಗ್ಗುತ್ತದೆ, ತೊಳೆದ ಬೈರಾಸು ಬಿಗಿಯಾಗಿ ಕಟ್ಟಿ. ನಾಲ್ಕನೇ ದಿನದಿಂದ ದಿನಾ ಒಂದು ಚಮಚ ರುಚಿ ನೋಡಿ. ಸಿಹಿಹುಳಿ ಹದಕ್ಕೆ ಬಂದ ಕೂಡಲೇ ಬಾಟಲಿಗೆ ತುಂಬಿ ಫ್ರಿಜ್ಜಿಗಿಡಿ.

ಹೊಟ್ಟೆಗೆ ಒಳ್ಳೆಯದೆಂದು ಸುಮ್ನೆ ಲೋಟಗಟ್ಟಲೆ ಕುಡಿಯಬೇಡಿ, ಶುರುವಿಗೆ ದಿನಕ್ಕೆ ಅರ್ಧ ಲೋಟ ಸಾಕು. ಗರ್ಭಿಣಿಯರಿಗೆ ಬೇಡ. ಉಳಿದ ಹುಳಿ ಕೊಂಬುಚಾವನ್ನು ಲಿಂಬೆರಸದ ಬದಲು ಕೋಸಂಬರಿಗೆ ಹಿಂಡಿದಂತೆ ಹಾಕಬಹುದು.