ವಿದೇಶಿ ನಾಣ್ಯಗಳನ್ನೆಲ್ಲ ಗ್ರೇಡಿಂಗ್‌ಗೆ ಕಳಿಸಬೇಕಾ?

ನೀವು ಕೇಳಿದ್ದು ಎರಡು ವಿಷಯ. ಹಿರಿಯರಿಂದ ಬಂದ ಡಬ್ಬಿಯಲ್ಲಿ ಹಲವು ದೇಶಗಳ ಹಳೆಯ ನಾಣ್ಯಗಳಿವೆ, ಅವನ್ನೆಲ್ಲ ನಾಣ್ಯದ ಸ್ಥಿತಿ ನೋಡಿ ನಂಬರ್ ಕೊಡುವ ಅಮೆರಿಕದ ಕಂಪನಿಗಳಾದ ಎನ್‌ಜಿಸಿಗೋ ಪಿಸಿಜಿಎಸ್‌ಗೋ ಕಳಿಸಿ ಗ್ರೇಡ್ ಮಾಡಿಸಿದರೆ ಒಳ್ಳೆಯ ಬೆಲೆ ಬರುತ್ತಾ? ಕಳಿಸುವ ಮುಂಚೆ ತೊಳೆದು ಫಳಫಳ ಅನ್ನಿಸಬೇಕಾ?

ಎರಡನೆಯದು ಅರ್ಜೆಂಟು, ಅದನ್ನೇ ಮೊದಲು ಹೇಳುತ್ತೇನೆ. ತೊಳೆಯಬೇಡಿ. ಬಟ್ಟೆಯಲ್ಲಿ ಒರೆಸಲೂ ಬೇಡಿ.

ಟಂಕಸಾಲೆಯಲ್ಲಿ ಅಚ್ಚು ಬಲವಾಗಿ ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಾಗಿ ಮೇಲ್ಮೈಯಲ್ಲಿ ಉಳಿಯುತ್ತದೆ. ಬಳಕೆಯಾಗದ ನಾಣ್ಯವನ್ನು ಒಂದೇ ದೀಪದ ಕೆಳಗೆ ಹಿಡಿದು ನಿಧಾನವಾಗಿ ಓರೆ ಮಾಡಿ ನೋಡಿ. ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಅದು ಈ ಗೆರೆಗಳ ಕೆಲಸ. ಟೂತ್‌ಪೇಸ್ಟ್, ಪಾಲಿಶ್, ಆಸಿಡ್ ಯಾವುದು ಹಾಕಿದರೂ ಮೊದಲು ಹೋಗುವುದು ಅವೇ. ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಉಳಿಯುವುದು ಕನ್ನಡಿ ತರಹದ ಸತ್ತ ಹೊಳಪು, ಜೊತೆಗೆ ಉಜ್ಜಿದ ದಿಕ್ಕಿನಲ್ಲೇ ಸಾಲಾಗಿ ಕೂದಲೆಳೆ ಗೀರುಗಳು. ಗ್ರೇಡ್ ಮಾಡುವವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ. ಆಗ ನಂಬರ್ ಸಿಗುವುದಿಲ್ಲ. 'ಡೀಟೇಲ್ಸ್, ಕ್ಲೀನ್ಡ್', ಅಂದರೆ ತೊಳೆದ ನಾಣ್ಯ ಎಂದು ಬರೆದ ಚೀಟಿ ಸಿಗುತ್ತದೆ. ಶುಲ್ಕ ಮಾತ್ರ ಕೊಡಲೇಬೇಕು. ಬೆಳ್ಳಿಯ ಮೇಲಿನ ಕಪ್ಪು, ನೀಲಿ, ಕಂದು ಬಣ್ಣ ಕೊಳೆ ಅಲ್ಲ. ಸಹಜವಾಗಿ ಬಂದ ಚೆಂದದ ಬಣ್ಣಕ್ಕೆ ಜಾಸ್ತಿ ದುಡ್ಡು ಕೊಡುವವರೂ ಇದ್ದಾರೆ.

ಒಂದೇ ಒಂದು ವಿನಾಯಿತಿ ಇದೆ. ನಾಣ್ಯದ ಮೇಲೆ ಹಸಿರು ಅಂಟು ಕಂಡರೆ ಅದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಿಂದ ಬಂದಿರಬಹುದು. ಬಿಟ್ಟರೆ ಲೋಹವನ್ನೇ ತಿನ್ನುತ್ತದೆ. ಶುದ್ಧ ಅಸಿಟೋನ್‌ನಲ್ಲಿ ನೆನೆಸಿದರೆ ಕರಗುತ್ತದೆ. ಉಜ್ಜಬಾರದು. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಇರಬಾರದು. ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುಗಂಧ ಬೆರೆಸಿರುತ್ತಾರೆ, ಅದು ಬೇಡ.

ಈಗ ಮೊದಲ ಪ್ರಶ್ನೆ. ಗ್ರೇಡಿಂಗ್ ಕಂಪನಿ ಮೂರು ಕೆಲಸ ಮಾಡುತ್ತದೆ. ನಾಣ್ಯ ಅಸಲಿಯೇ ಎಂದು ನೋಡುತ್ತದೆ, ಯಾರಾದರೂ ಕೈಯಾಡಿಸಿದ್ದಾರಾ ಎಂದು ನೋಡುತ್ತದೆ, ಕೊನೆಗೆ 1ರಿಂದ 70ರೊಳಗೆ ಒಂದು ನಂಬರ್ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಸ್ಲ್ಯಾಬ್‌ನಲ್ಲಿ ಸೀಲ್ ಮಾಡುತ್ತದೆ. ಎಲ್ಲರೂ ನಂಬರಿನ ಹಿಂದೆ ಓಡುತ್ತಾರೆ. ನನ್ನ ಪ್ರಕಾರ ವಿದೇಶಿ ನಾಣ್ಯಗಳಲ್ಲಿ ಮೊದಲ ಎರಡಕ್ಕೇ ದುಡ್ಡು ಕೊಡುವುದು ಸರಿ.

ಆ 70 ಎಲ್ಲಿಂದ ಬಂತು ಅಂತ ತಿಳಿದರೆ ನಂಬರಿನ ಭಯ ಸ್ವಲ್ಪ ಕಡಿಮೆಯಾಗುತ್ತದೆ. ನಾಣ್ಯ ಸಂಗ್ರಾಹಕ ವಿಲಿಯಂ ಶೆಲ್ಡನ್ 1949ರಲ್ಲಿ ಅಮೆರಿಕದ ಹಳೆಯ ದೊಡ್ಡ ತಾಮ್ರದ ಸೆಂಟುಗಳಿಗೆಂದು ಈ ಅಳತೆ ಮಾಡಿದರು. ಸವೆದು ಸವೆದು ಗುರುತಷ್ಟೇ ಸಿಗುವ ನಾಣ್ಯ 1. ಅದರ 70 ಪಟ್ಟು ಬೆಲೆ ಬಾಳುವ ನಾಣ್ಯ 70. ಅಂದರೆ ಶುರುವಿನಲ್ಲಿ ಅದು ಬೆಲೆಯ ಲೆಕ್ಕ! ಆ ಲೆಕ್ಕ ಬೇಗನೆ ತಪ್ಪಿತು, ಅಂಕಿಗಳು ಮಾತ್ರ ಉಳಿದವು. ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಕೆಲಸ ಶುರು ಮಾಡಿದಾಗ ಅದೇ ಅಂಕಿಗಳನ್ನು ಹಿಡಿದವು. ಈಗ ಬಳಕೆಯಾಗದ ನಾಣ್ಯಗಳಿಗೆ 60ರಿಂದ 70, ಅಂದರೆ ಎಂಎಸ್ (ಮಿಂಟ್ ಸ್ಟೇಟ್). ಸ್ವಲ್ಪವೇ ಸವೆದವು 50, 53, 55, 58, ಅಂದರೆ ಎಯು (ಅಬೌಟ್ ಅನ್‌ಸರ್ಕ್ಯುಲೇಟೆಡ್). ತಮಾಷೆ ಏನೆಂದರೆ ಎಷ್ಟೋ ಸಲ ಎಯು 58 ನಾಣ್ಯ ಎಂಎಸ್ 60ಕ್ಕಿಂತ ನೋಡಲು ಚೆನ್ನಾಗಿರುತ್ತದೆ. 60 ಎಂದರೆ ಬಳಸಿಲ್ಲ ಅಷ್ಟೇ, ಚೀಲದಲ್ಲಿ ಬೇರೆ ನಾಣ್ಯಗಳ ಜೊತೆ ಗುದ್ದಾಡಿ ಮೈತುಂಬ ಗಾಯ ಮಾಡಿಕೊಂಡಿರಬಹುದು.

ಕಳಿಸುವ ಮುಂಚೆ ನೀವೇ ಒಂದು ಕಲಿತರೆ ಸಾಕು: ಸವಕಳಿ ಯಾವುದು, ಅಚ್ಚು ಸರಿಯಾಗಿ ಬೀಳದ್ದು ಯಾವುದು. ಎಷ್ಟೋ ದೇಶಗಳ ಹಳೆಯ ನಾಣ್ಯಗಳಲ್ಲಿ ರಾಜನ ಕೂದಲು, ಸಿಂಹದ ಎದೆ ಮೊದಲಿನಿಂದಲೇ ಚಪ್ಪಟೆ ಇರುತ್ತದೆ. ದೀಪದ ಕೆಳಗೆ ಓರೆ ಮಾಡಿದಾಗ ಹೊಳಪು ಆ ಚಪ್ಪಟೆ ಜಾಗದ ಮೇಲೂ ಕಡಿಯದೆ ಹಾದು ಹೋದರೆ ಅಚ್ಚು ಮೃದುವಾಗಿ ಬಿದ್ದಿದೆ ಎಂದರ್ಥ. ಅಲ್ಲಿ ಹೊಳಪು ತುಂಡಾಗಿ, ಬಣ್ಣ ಮಂಕಾಗಿ, ಸುತ್ತಲಿನದಕ್ಕಿಂತ ಬೇರೆಯಾಗಿ ಕಂಡರೆ ಅದು ಸವಕಳಿ. 5 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು.

ಯಾವುದನ್ನು ಕಳಿಸಬೇಕು? ನಕಲಿ ಜಾಸ್ತಿ ಇರುವ ಜಾತಿಯವು ಮತ್ತು ಬೆಲೆ ಬಾಳುವವು. ಚೀನಾದ ಅಧ್ಯಕ್ಷನಾಗಿದ್ದ ಯುವಾನ್ ಶಿಕೈ ಮುಖವಿರುವ ಚೀನೀ ಬೆಳ್ಳಿ ಡಾಲರ್, ಬ್ರಿಟಿಷ್ ಟ್ರೇಡ್ ಡಾಲರ್, ಚಿನ್ನದ ಸಾವರಿನ್ ಇಂಥವನ್ನು ಸ್ಲ್ಯಾಬ್ ಇಲ್ಲದೆ ಅಪರಿಚಿತರಿಗೆ ಮಾರುವುದು ಕಷ್ಟ. ಆದರೆ ಸುಮ್ನೆ ಕಳಿಸಬೇಡಿ, ಮೊದಲು ಮನೆಯಲ್ಲೇ ತೂಗಿ. ಸಾವರಿನ್ ಆದರೆ 7.98 ಗ್ರಾಂ, 22.05 ಮಿಲಿಮೀಟರ್ ಇರಬೇಕು. ಬೆಳ್ಳಿ ಅಯಸ್ಕಾಂತಕ್ಕೆ ಅಂಟಬಾರದು. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ದಾರದಲ್ಲಿ ತಳ ಮುಟ್ಟದಂತೆ ಪೂರ್ತಿ ಮುಳುಗಿಸಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶುದ್ಧ ಬೆಳ್ಳಿಗೆ 10.49, 90 ಶೇಕಡಾ ಬೆಳ್ಳಿಗೆ ಸುಮಾರು 10.3. ಬಂದಿದ್ದು 8 ಅಥವಾ 9 ಆದರೆ ಬಹುಶಃ ನಕಲಿ, ಶುಲ್ಕ ಉಳಿಯಿತು. ಆಮೇಲೆ ಒತ್ತಿ ಒತ್ತಿ ನೀರು ಆರಿಸಿ, ಉಜ್ಜಬೇಡಿ.

ಡಬ್ಬಿಯಲ್ಲಿ 1780 ಎಂದು ಬರೆದ ದಪ್ಪ ಹೆಂಗಸಿನ ಮುಖದ ದೊಡ್ಡ ಬೆಳ್ಳಿ ನಾಣ್ಯ ಇದ್ದರೆ ಕುಣಿಯಬೇಡಿ. ಅದು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾಳ ಥೇಲರ್. ಆಕೆ ಸತ್ತಿದ್ದು 1780ರಲ್ಲಿ. ಅರಬ್, ಇಥಿಯೋಪಿಯಾ ಕಡೆ ವ್ಯಾಪಾರಿಗಳು ಅದನ್ನೇ ನಂಬುತ್ತಿದ್ದರಿಂದ ಅದೇ ಇಸವಿ ಹಾಕಿ ವಿಯೆನ್ನಾದಲ್ಲಿ, ಆಮೇಲೆ ರೋಮ್, ಪ್ಯಾರಿಸ್, ಲಂಡನ್, ಬಾಂಬೆಯಲ್ಲೂ ಅಚ್ಚು ಹಾಕಿದರು. ಸಾಮಾನ್ಯ ಮರುಮುದ್ರಣಕ್ಕೆ ಬೆಳ್ಳಿಯ ಬೆಲೆಗಿಂತ ತುಂಬ ಜಾಸ್ತಿಯೇನೂ ಸಿಗುವುದಿಲ್ಲ, ಅದಕ್ಕೆ ಸ್ಲ್ಯಾಬ್ ದಂಡ. ಇನ್ನೊಂದು ಕಡೆ, ಮೆಕ್ಸಿಕೋದ 8 ರಿಯಾಲ್ ಬೆಳ್ಳಿ ನಾಣ್ಯದ ಮೇಲೆ ಚೀನೀ ವ್ಯಾಪಾರಿಗಳು ಕುಟ್ಟಿದ ಸಣ್ಣ ಮುದ್ರೆಗಳಿದ್ದರೆ ಹಾಳಾಗಿದೆ ಎಂದು ಬಿಸಾಡಬೇಡಿ. ಚಾಪ್‌ಮಾರ್ಕ್ ಅಂತ ಅದನ್ನೇ ಹುಡುಕಿ ಕೊಳ್ಳುವವರಿದ್ದಾರೆ, ಗ್ರೇಡಿಂಗ್‌ನಲ್ಲೂ ಅದಕ್ಕೆ ಪ್ರತ್ಯೇಕ ಲೆಕ್ಕ.

ಉಳಿದ ಮಾಮೂಲಿ ಚಿಲ್ಲರೆಗೆ ಗ್ರೇಡಿಂಗ್ ಬೇಡವೇ ಬೇಡ, ಶುಲ್ಕವೇ ನಾಣ್ಯಕ್ಕಿಂತ ಜಾಸ್ತಿ ಆಗುತ್ತದೆ. 'ಈ ಜಾತಿಯಲ್ಲಿ ಇದೇ ಟಾಪ್, ಒಟ್ಟು ಮೂರೇ ಇವೆ' ಎಂದು ಮಾರುವವರ ಮಾತಿಗೂ ಮರುಳಾಗಬೇಡಿ. ಕಂಪನಿಗಳ ಪಟ್ಟಿಯಲ್ಲಿರುವುದು ತಮ್ಮ ಹತ್ತಿರ ಬಂದ ನಾಣ್ಯಗಳ ಎಣಿಕೆ. ಅಗ್ಗದ ನಾಣ್ಯವನ್ನು ಯಾರು ಕಳಿಸುತ್ತಾರೆ ಹೇಳಿ? ಮೂರು ಎಂದರೆ ಮೂರು ಜನ ಶುಲ್ಕ ಕಟ್ಟಿದ್ದಾರೆ ಎಂದಷ್ಟೇ ಅರ್ಥ ಇರಬಹುದು.

ಎನ್‌ಜಿಸಿಯೋ ಪಿಸಿಜಿಎಸ್ಸೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ, ಎರಡೂ ನಡೆಯುತ್ತವೆ. ನಿಮ್ಮದೇ ಜಾತಿಯ ನಾಣ್ಯ ಹಳೆಯ ಹರಾಜುಗಳಲ್ಲಿ ಯಾವ ಸ್ಲ್ಯಾಬ್‌ನಲ್ಲಿ ಚೆನ್ನಾಗಿ ಹೋಗಿದೆ ನೋಡಿ, ಅದಕ್ಕೆ ಕಳಿಸಿ. ಸದಸ್ಯರಾಗಿ ನೇರವಾಗಿ ಅಥವಾ ಅವರ ಅಧಿಕೃತ ಡೀಲರ್ ಮೂಲಕ ಕಳಿಸಬಹುದು. ನಿಮ್ಮ ದೇಶದಲ್ಲಿ ಹಳೆಯ ವಸ್ತು ಹೊರಗೆ ಕಳಿಸಲು ಏನು ನಿಯಮ ಇದೆ ಎಂದು ಮೊದಲೇ ವಿಚಾರಿಸಿ. ಹೊರಡುವ ಪ್ರತಿ ನಾಣ್ಯದ ಎರಡೂ ಮುಖದ ಫೋಟೋ, ತೂಕ ಬರೆದಿಡಿ. ವಾಪಸ್ ಬಂದ ಮೇಲೆ ಸ್ಲ್ಯಾಬ್ ಮೇಲಿನ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಬೇರೆಯವರ ಸ್ಲ್ಯಾಬ್ ಕೊಳ್ಳುವಾಗಲೂ ಹೀಗೇ ಮಾಡಿ, ಅಲ್ಲಿ ಫೋಟೋ ಇದ್ದರೆ ಗೀರು, ಕಲೆ ಒಂದೊಂದನ್ನೂ ತಾಳೆ ನೋಡಿ. ಸ್ಲ್ಯಾಬನ್ನೇ ನಕಲು ಮಾಡಿ, ನಿಜವಾದ ನಂಬರ್ ಅಂಟಿಸುವವರೂ ಇದ್ದಾರೆ.