ಓದುಗರ ಪ್ರಶ್ನೆ: ರೋಬೋಟ್ ಎತ್ತಿದ ಕೈ

ಪ್ರಶ್ನೆ: ನಮ್ಮ ತಂದೆಯವರಿಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಈಗ ಊರುಗೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ತೋಳು ಸ್ವಲ್ಪ ಏಳುತ್ತದೆ, ಮಡಚಿದ ಬೆರಳು ಬಿಡಿಸಲು ಆಗುತ್ತಿಲ್ಲ. ನಗರದ ಕೇಂದ್ರವೊಂದರಲ್ಲಿ ರೋಬೋಟ್ ಚಿಕಿತ್ಸೆ ಮಾಡಿಸಿದರೆ ಕೈ ಬರುತ್ತದೆ ಎನ್ನುತ್ತಾರೆ. ಅದಕ್ಕೆ ತೋಟದ ಮೇಲೆ ಸಾಲ ತೆಗೆಯಬೇಕು. ತೆಗೆಯಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕೈಗಾಗಿ ಎಂದಾದರೆ ಸಾಲ ಮಾಡಬೇಡಿ. ಕಾರಣವನ್ನು ತುಸು ವಿವರವಾಗಿಯೇ ಹೇಳಬೇಕು.

ಲಕ್ವದಲ್ಲಿ ಪೆಟ್ಟು ಬೀಳುವುದು ಕೈಯನ್ನು ಆಡಿಸುವ ಮಿದುಳಿನ ಭಾಗಕ್ಕೆ. ಉಳಿದ ನರಜಾಲವು ಆ ಕೆಲಸವನ್ನು ಹೊಸದಾಗಿ ಕಲಿಯಬೇಕಾದರೆ ರೋಗಿಯು ತಾನೇ ಪ್ರಯತ್ನಪಟ್ಟು ಒಂದೊಂದು ಚಲನೆಯನ್ನೂ ನೂರಾರು ಸಲ ಮಾಡಬೇಕಾಗುತ್ತದೆ. ಆದರೆ ಅಮೆರಿಕ ಮತ್ತು ಕೆನಡಾದ ಚಿಕಿತ್ಸಾ ಕೇಂದ್ರಗಳಲ್ಲಿ ಕುಳಿತು ಎಣಿಸಿದ ಸಂಶೋಧಕರಿಗೆ ಒಂದು ಅವಧಿಯಲ್ಲಿ ಕೈಯ ಉಪಯುಕ್ತ ಚಲನೆಗಳು ಸರಾಸರಿ 32 ಮಾತ್ರ ಸಿಕ್ಕವೆಂದು 2009ರಲ್ಲಿ ವರದಿಯಾಯಿತು. ದಣಿಯದ ಯಂತ್ರವೊಂದು ಬೇಕೆನಿಸಿದ್ದು ಈ ಕೊರತೆಯನ್ನು ತುಂಬುವುದಕ್ಕೆ. ಅಮೆರಿಕದ ಎಂಐಟಿಯಲ್ಲಿ ನೆವಿಲ್ ಹೋಗನ್ ಮತ್ತು ಹರ್ಮಾನೊ ಇಗೊ ಕ್ರೆಬ್ಸ್ ರೂಪಿಸಿದ ‘ಎಂಐಟಿ ಮಾನುಸ್’ ಇಂಥ ಯಂತ್ರಗಳಲ್ಲಿ ಹಿರಿಯದು: ರೋಗಿಯು ಅದರ ಹಿಡಿಯನ್ನು ಹಿಡಿದು ಪರದೆಯ ಮೇಲಿನ ಗುರಿಯತ್ತ ಕೈ ಚಾಚುತ್ತಾನೆ, ಕೈ ತಡವರಿಸಿದಲ್ಲಿ ಯಂತ್ರ ಆಸರೆ ಕೊಡುತ್ತದೆ.

ಇದೇ ಬಗೆಯ ಯಂತ್ರವನ್ನು ಬ್ರಿಟನ್ನಿನಲ್ಲಿ 770 ರೋಗಿಗಳ ಮೇಲೆ ಪರೀಕ್ಷಿಸಿ, ಫಲಿತಾಂಶವನ್ನು 2019ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ವಾರಕ್ಕೆ ಮೂರು ದಿನ, 45 ನಿಮಿಷದಂತೆ 12 ವಾರ ರೋಬೋಟ್. ಇನ್ನೊಂದಕ್ಕೆ ಅಷ್ಟೇ ಹೊತ್ತು ಚಿಕಿತ್ಸಕರ ತರಬೇತಿ. ಮೂರನೆಯದಕ್ಕೆ ಎಂದಿನ ಆರೈಕೆ. ರೋಬೋಟ್ ಗುಂಪಿನವರ ತೋಳಿನ ಚಲನೆ ತುಸು ಸುಧಾರಿಸಿತು ನಿಜ, ಆದರೆ ಲೋಟ ಎತ್ತುವ, ವಸ್ತುವನ್ನು ಹಿಡಿದು ಬಿಡುವ ಸಾಮರ್ಥ್ಯದಲ್ಲಿ ಅವರು ಎಂದಿನ ಆರೈಕೆಯವರಿಗಿಂತ ಮುಂದೆ ಹೋಗಲಿಲ್ಲ. ಯಂತ್ರದಲ್ಲಿ ಕಲಿತ ಚಲನೆ ಅಡುಗೆಮನೆಗೂ ಬಚ್ಚಲಿಗೂ ತಾನಾಗಿ ನಡೆದು ಬರುವುದಿಲ್ಲ. ಅಂಗಿಯ ಗುಂಡಿ ಹಾಕುವುದನ್ನು ಅಂಗಿಯ ಗುಂಡಿ ಹಾಕಿಯೇ ಕಲಿಯಬೇಕು.

ಕಾಲಿನ ವಿಷಯ ಬೇರೆ. ಲಕ್ವವಾದ ಮೊದಲ ಮೂರು ತಿಂಗಳಲ್ಲಿ, ಇನ್ನೂ ನಡೆಯಲಾಗದವರಿಗೆ ಫಿಸಿಯೋಥೆರಪಿಯ ಜೊತೆಗೆ ನಡಿಗೆಯ ಯಂತ್ರವೂ ಸೇರಿದರೆ ಸ್ವತಂತ್ರವಾಗಿ ನಡೆಯುವ ಸಾಧ್ಯತೆ ಹೆಚ್ಚುತ್ತದೆ. ನಿಮ್ಮ ತಂದೆಯವರು ಆ ಹಂತವನ್ನು ದಾಟಿದ್ದಾರೆ. ಬೆರಳುಗಳು ಬಿಗಿಯಾಗಿ ಮಡಚಿಕೊಂಡಿರುವುದನ್ನು ನರರೋಗ ಅಥವಾ ಪುನಶ್ಚೇತನ ತಜ್ಞರಿಗೆ ಮೊದಲು ತೋರಿಸಿ. ಬಿಗಿತವನ್ನು ಸಡಿಲಿಸುವ ಚುಚ್ಚುಮದ್ದು ಇದೆ. ಸಾಲದ ದುಡ್ಡಿನ ಒಂದು ಪಾಲಿನಲ್ಲೇ ಒಬ್ಬ ಒಳ್ಳೆಯ ಫಿಸಿಯೋಥೆರಪಿಸ್ಟ್ ತಿಂಗಳುಗಟ್ಟಲೆ ಮನೆಗೆ ಬಂದಾರು. ಹಾಗೆಂದು ಎಲ್ಲವನ್ನೂ ಮನೆಯವರೇ ಹೊತ್ತುಕೊಳ್ಳಬೇಡಿ: ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರಿಗೆ ತರಬೇತಿ ಕೊಟ್ಟು ಅವರಿಂದಲೇ ವ್ಯಾಯಾಮ ಮಾಡಿಸಿದ್ದರಿಂದ ರೋಗಿಗಳ ಪರಾವಲಂಬನೆ ಕಡಿಮೆಯಾಗಲಿಲ್ಲ.

ಪ್ರಶ್ನೆ: ಈ ಯಂತ್ರಗಳಲ್ಲಿ ಕೃತಕ ಬುದ್ಧಿಮತ್ತೆ ಮಾಡುವ ಕೆಲಸವಾದರೂ ಏನು?
– ಫಿಸಿಯೋಥೆರಪಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ಮುಖ್ಯವಾಗಿ, ಎಷ್ಟು ಸಹಾಯ ಮಾಡಬಾರದು ಎಂದು ನಿರ್ಧರಿಸುವುದು. ಯಂತ್ರ ಎಳೆಯುತ್ತದೆಂದು ಗೊತ್ತಾದೊಡನೆ ನಮ್ಮ ನರಮಂಡಲ ಮೈಗಳ್ಳನಾಗುತ್ತದೆ, ಕೈಕಾಲು ಆಡುತ್ತಿದ್ದರೂ ಪ್ರಯತ್ನ ನಿಂತಿರುತ್ತದೆ. ಸ್ವಿಟ್ಜರ್ಲೆಂಡಿನ ನಡಿಗೆಯ ಯಂತ್ರ ‘ಲೋಕೊಮ್ಯಾಟ್’ ಮೊದಮೊದಲು ಕಾಲನ್ನು ನಿಗದಿತ ಜಾಡಿನಲ್ಲಿ ನಡೆಸುತ್ತಿತ್ತು. ಆಗಲೇ ನಡೆಯಬಲ್ಲವರಾಗಿದ್ದ ರೋಗಿಗಳಲ್ಲಿ ಅದಕ್ಕಿಂತ ಚಿಕಿತ್ಸಕರ ಕೈಯಾಸರೆಯಿಂದಲೇ ವೇಗ ಹೆಚ್ಚು ಸುಧಾರಿಸಿತೆಂದು 2008ರ ಅಮೆರಿಕದ ಅಧ್ಯಯನವೊಂದು ಹೇಳಿತು. ಆದ್ದರಿಂದ ಈಗಿನ ತಂತ್ರಾಂಶಗಳು ರೋಗಿಯ ಬಲ, ವೇಗ, ಸ್ನಾಯುಗಳ ವಿದ್ಯುತ್ ಸಂಕೇತ ಇವುಗಳನ್ನು ಅಳೆದು, ಹಿಂದಿನ ಪ್ರಯತ್ನಗಳಿಂದ ಕಲಿತು, ಆಸರೆಯನ್ನು ಕ್ಷಣಕ್ಷಣಕ್ಕೂ ಏರಿಳಿಸಲು ಯತ್ನಿಸುತ್ತವೆ. ಮಿದುಳಿನ ಸಂಕೇತವನ್ನೇ ಓದಿ ಬೆರಳು ಬಿಡಿಸುವ ‘ಇಪ್ಸಿಹ್ಯಾಂಡ್’ ಎಂಬ ಸಾಧನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಅನುಮತಿ ನೀಡಿದೆ. ಜಾಹೀರಾತುಗಳಲ್ಲಿ ಕಾಣುವ ಕೃತಕ ಬುದ್ಧಿಮತ್ತೆಯೆಲ್ಲ ಈ ಮಟ್ಟದ್ದಲ್ಲ. ಆಟ ಗೆದ್ದರೆ ಮುಂದಿನ ಹಂತ ಕೊಡುವ ಸರಳ ನಿಯಮಕ್ಕೂ ಅದೇ ಹೆಸರಿಡುವುದುಂಟು.

ಪ್ರಶ್ನೆ: ನಮ್ಮ ದೇಶದಲ್ಲಿ ಕಡಿಮೆ ಬೆಲೆಗೆ ಇಂಥದ್ದನ್ನು ಯಾರೂ ಮಾಡುತ್ತಿಲ್ಲವೇ?
– ಓದುಗರೊಬ್ಬರು, ಕೋಲಾರ

ಉತ್ತರ: ಮಾಡಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ಮದ್ರಾಸ್ ಐಐಟಿ ಸೇರಿ ‘ಪ್ಲೂಟೊ’ ಎಂಬ ಕೈಯ ರೋಬೋಟ್ ರೂಪಿಸಿವೆ. ಅದರಲ್ಲಿರುವುದು ಒಂದೇ ಮೋಟಾರು. ಹಿಡಿಗಳನ್ನು ಬದಲಿಸುತ್ತ ಮಣಿಕಟ್ಟು, ಮುಂಗೈ, ಬೆರಳು ಇವುಗಳಿಗೆ ಒಂದಾದ ಮೇಲೊಂದು ತರಬೇತಿ ಕೊಡಬಹುದು. ಬಳಸುವ ಮುನ್ನ ಮೇಲಿನ ಮೊದಲ ಉತ್ತರವನ್ನು ಇನ್ನೊಮ್ಮೆ ಓದಿಕೊಳ್ಳಿ.